ಒಂದೇ ಟೀವಿಗೆ ಮೂರು ರೇಟು

ಆರನೆಯ ಕಂತು

"ಫರಕಿಲ್ರಿ ಅಕ್ಕಾರ. ಎಷ್ಟು ಸಲ ಹೇಳ್ಲಿ? ಕೂದಲಷ್ಟೂ ಫರಕಿಲ್ಲ."

ರಾಮಲಿಂಗಪ್ಪ ಸ್ಕ್ರೂಡ್ರೈವರನ್ನು ಚಾಪೆಯ ಮೇಲೆ ಎಸೆದು ಹಣೆ ಒರೆಸಿಕೊಂಡ. ರಾಯಚೂರಿಗೆ ಟೀವಿ ಬಂದ ಕಾಲದಿಂದಲೂ ಟೀವಿ ರಿಪೇರಿ ಮಾಡುತ್ತ ಬಂದ ಮನುಷ್ಯ. ಅವನು ಇಲ್ಲ ಅಂದರೆ ಇಲ್ಲ. ಆದರೆ ಇವತ್ತು ಅವನು ಇದೆ ಅನ್ನಲಿ ಅಂತ ನಾನು ಬೆಳಿಗ್ಗೆ ಏಳರಿಂದ ಕಾದು ಕೂತಿದ್ದೆ.

ನನ್ನ ಪಡಸಾಲೆಯಲ್ಲಿ ಮೂರು ಟೀವಿಗಳು ಬೆನ್ನು ಬಿಚ್ಚಿಸಿಕೊಂಡು ಬೋರಲು ಬಿದ್ದಿದ್ದವು. ಮೂರೂ 'ನೋವಿಕ್' ಕಂಪನಿಯವು. ಮೂರೂ ಮೂವತ್ತೆರಡು ಇಂಚು. ಮೂರಕ್ಕೂ ಒಂದೇ ಮಾಡೆಲ್ಲು, ಒಂದೇ ಬಣ್ಣ, ಒಂದೇ ರಿಮೋಟು.

ರಾಯಚೂರಿನ ಶೋರೂಮಿನಲ್ಲಿ ಇದರ ರೇಟು ಹದಿನಾಲ್ಕೂವರೆ ಸಾವಿರ. ಮಾನ್ವಿಯಲ್ಲಿ ಹನ್ನೊಂದು ಸಾವಿರದ ಎಂಟುನೂರು. ದೇವದುರ್ಗದಲ್ಲಿ ಏಳು ಸಾವಿರದ ಒಂಬೈನೂರು. ಐವತ್ತು ಕಿಲೋಮೀಟರು ದಾಟುವಷ್ಟರಲ್ಲಿ ಅರ್ಧ ಬೆಲೆ ಉದುರಿಹೋಗಲು ಇದೇನು ಸಂತೆ ಮುಗಿಯುವ ಹೊತ್ತಿನ ಟೊಮೆಟೊವೇ?

ಹಾಗೆ ಅರ್ಧ ಬೆಲೆಗೆ ಮಾರಿದ ತಪ್ಪಿಗೆ ದೇವದುರ್ಗದ ಟೀವಿ ಅಂಗಡಿಯ ಅಂಜಿನೇಯ ಆರು ದಿನದಿಂದ ಜೈಲಿನಲ್ಲಿದ್ದ. ರಾಯಚೂರಿನ ಡೀಲರ್ ಉದಯಕುಮಾರ ತನ್ನ ಗೋದಾಮಿನಿಂದ ಅರವತ್ತು ಟೀವಿ ಕಳುವಾದವು ಎಂದು ದೂರು ಕೊಟ್ಟು, ವಿಮೆ ಹಣಕ್ಕೂ ಅರ್ಜಿ ಹಾಕಿದ್ದ. ಅದರಲ್ಲಿ ಇಪ್ಪತ್ತೆರಡು ಅಂಜಿನೇಯನ ಅಂಗಡಿಯಲ್ಲಿ ಸಿಕ್ಕಿದವು. ಸೀರಿಯಲ್ ನಂಬರು ಒಂದೊಂದೂ ತಾಳೆಯಾದವು. ನಾಳೆ ಹನ್ನೊಂದಕ್ಕೆ ಅವನ ಜಾಮೀನು ಅರ್ಜಿ. ಅಷ್ಟರೊಳಗೆ ನನ್ನ ಕೈಗೆ ಏನಾದರೂ ಸಿಗದಿದ್ದರೆ ಅವನು ಹೊರಗೆ ಬರುವ ಮಾತೇ ಇಲ್ಲ ಎಂದು ವಕೀಲರು ಕಡ್ಡಿ ಮುರಿದಂತೆ ಹೇಳಿದ್ದರು.

"ಇನ್ನೊಮ್ಮೆ ನೋಡಪ್ಪಾ," ಎಂದೆ.

"ಬೋರ್ಡು ಅದೇ, ಪ್ಯಾನೆಲ್ಲು ಅದೇ, ಒಳಗಿನ ಲೈಟಿನ ಪಟ್ಟಿ ಅವೇ, ಸ್ಪೀಕರೂ ಅವೇ. ಸ್ಕ್ರೂ ಸೈತ ಒಂದೇ ಡಬ್ಬಿದು ಇದ್ದಂಗದಾವ. ಒಂದೇ ತಾಯಿ ಹೊಟ್ಟ್ಯಾಗಿಂದ ಬಂದಂಗ ಅದಾವ್ರಿ ಇವು."

"ದೇವದುರ್ಗದ್ದು ನಕಲಿ ಅಲ್ಲ?"

"ನಕಲಿ ಇದ್ರ ನಾ ಯಾಕ ಮುಚ್ಚಿಡ್ಲಿ? ಅಸಲಿ ಅಂದ್ರ ಅಸಲಿ."

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಆ ಅಸಲಿತನದ ಮೇಲೆ. ನಕಲಿಯಾಗಿದ್ದರೆ ಬೆನ್ನಿಗಂಟಿಸಿದ ನಂಬರೂ ನಕಲಿ ಅನ್ನಬಹುದಿತ್ತು. ಪೊಲೀಸರ ತಾಳೆ ಅಲ್ಲೇ ಸಡಿಲಾಗುತ್ತಿತ್ತು. ಈಗ ಮಾಲು ಅಸಲಿ, ನಂಬರು ಅಸಲಿ, ರೇಟು ಅರ್ಧ. ಇದನ್ನು ಕೇಳಿದ ಯಾರೇ ಆದರೂ ಕಳುವಿನ ಮಾಲು ಎನ್ನುತ್ತಾರೆ. ಪೊಲೀಸರನ್ನು ಬೈಯಲೂ ಬಾರದು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಕರೆಂಟು ಬೇರೆ ಹೋಗಿತ್ತು. ಏಪ್ರಿಲ್ ಕೊನೆಯ ಬಿಸಿಲು. ಮೂವತ್ತೊಂದು ವರ್ಷ ಶಕ್ತಿನಗರದ ವಿದ್ಯುತ್ ಕೇಂದ್ರದ ಸ್ಟೋರಿನಲ್ಲಿ, ಕರೆಂಟು ಮಾಡುವವರ ನಡುವೆ ಕೆಲಸ ಮಾಡಿ ನಿವೃತ್ತಳಾದ ಗುರುಶಾಂತಮ್ಮ ಎಂಬ ನಾನು, ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದೆ.

ಹೊಸ್ತಿಲ ಹತ್ತಿರ ಅಂಜಿನೇಯನ ಹೆಂಡತಿ ರೇಣುಕಮ್ಮ ಗೋಡೆಗೊರಗಿದ್ದಳು. ಮೂವತ್ತು ದಾಟಿಲ್ಲ. ಗಂಡನನ್ನು ಹೇಗಾದರೂ ಬಿಡಿಸಿಕೊಡಿ ಎಂದು ಐದು ದಿನದ ಹಿಂದೆ ನನ್ನ ಬಾಗಿಲಿಗೆ ಬಂದವಳು ಇವಳೇ. ದೇವದುರ್ಗದಿಂದ ಮೊದಲ ಬಸ್ಸಿಗೆ ಬಂದವಳು ನಾನು ಕೊಟ್ಟ ಉಪ್ಪಿಟ್ಟನ್ನು ಮುಟ್ಟಿಯೂ ಇರಲಿಲ್ಲ.

"ನಕಲಿ ಇದ್ದಿದ್ರ ಚಲೋ ಆಗ್ತಿತ್ತಲ್ರಿ ಅಮ್ಮಾರ," ಎಂದಳು.

"ಚಲೋ ಆಗ್ತಿತ್ತು. ಆಗಲಿಲ್ಲ. ಏನು ಮಾಡ್ಲಿ, ನಾನೇ ಸುತ್ತಿಗಿ ತಗೊಂಡು ನಕಲಿ ಮಾಡ್ಲೇನು?"

ಅವಳು ತಲೆ ತಗ್ಗಿಸಿದಳು. ನನಗೆ ನನ್ನ ಬಾಯಿಯ ಮೇಲೆ ಬೇಸರವಾಯಿತು. ಗಂಡ ಜೈಲಿನಲ್ಲಿರುವ ಹೆಣ್ಣುಮಗಳ ಮೇಲೆ ರೇಗುವ ಮಟ್ಟಕ್ಕೆ ಬಂದಿದ್ದೆ. ಐದು ದಿನದಿಂದ ಮೂರು ಊರು ಸುತ್ತಿ, ನನ್ನ ಪೆನ್ಷನ್ ಹಣದಲ್ಲಿ ಎರಡು ಟೀವಿ ಕೊಂಡು, ಮೂರನೆಯದನ್ನು ಬೇಡಿ ತಂದು, ಕೊನೆಗೆ ತಿಳಿದದ್ದು ಏನು? ಟೀವಿ ಅಂದರೆ ಟೀವಿಯೇ ಎಂದು.

ಮೂರನೆಯದು ಗಬ್ಬೂರಿನ ಪಕೀರಮ್ಮನದು. ಪೊಲೀಸರು ಬರುವ ಹಿಂದಿನ ದಿನ ಅಂಜಿನೇಯನ ಅಂಗಡಿಯಲ್ಲಿ ಕೊಂಡಿದ್ದಳು. ಎರಡು ದಿನದಲ್ಲಿ ವಾಪಸು ಕೊಡದಿದ್ದರೆ ನನ್ನ ಮನೆಗೇ ಬಂದು ಕೂತು ಸೀರಿಯಲ್ ನೋಡುತ್ತೇನೆ ಎಂದು ಹೇಳಿ ಕಳಿಸಿದ್ದಳು. ಟೀವಿಯ ಜೊತೆ ಅಟ್ಟದ ಮೇಲಿಟ್ಟಿದ್ದ ರಟ್ಟಿನ ಡಬ್ಬಿಯನ್ನೂ ನನ್ನ ತಲೆಗೆ ಕಟ್ಟಿದ್ದಳು. ಡಬ್ಬಿ ಇಲ್ಲದಿದ್ದರೆ ವಾರಂಟಿ ಇಲ್ಲ ಎಂದು ಯಾರೋ ಅವಳಿಗೆ ಹೇಳಿದ್ದರು.

ಡಬ್ಬಿ!

ನಾನು ಎದ್ದ ರಭಸಕ್ಕೆ ಮೊಣಕಾಲು ಲಟಕ್ಕೆಂದಿತು. ಶಕ್ತಿನಗರದ ಸ್ಟೋರಿಗೆ ಯಾವ ಸಾಮಾನು ಬಂದರೂ ನಾವು ಮೊದಲು ನೋಡುತ್ತಿದ್ದದ್ದು ಡಬ್ಬಿಯನ್ನು, ಆಮೇಲೆ ಸಾಮಾನನ್ನು. ಹೊಸದಾಗಿ ಸೇರಿದವರಿಗೆಲ್ಲ ನಾನೇ ಅದನ್ನು ಕಲಿಸಿದ್ದೆ. ಅಂಥ ನಾನು ಎರಡು ದಿನದಿಂದ ಮೂರು ಡಬ್ಬಿಗಳನ್ನು ಮೂಲೆಗೆ ತಳ್ಳಿ ಅವುಗಳ ಮೇಲೆ ಹಪ್ಪಳ ಒಣಗಿಸಿದ್ದೆ! ಇಂಥ ತಲೆಗೆ ಸರ್ಕಾರ ಪೆನ್ಷನ್ ಬೇರೆ ಕೊಡುತ್ತದೆ.

ಹಪ್ಪಳ ಎತ್ತಿಟ್ಟು ಮೂರನ್ನೂ ಸಾಲಾಗಿ ನಿಲ್ಲಿಸಿದೆ. ರಾಯಚೂರಿನ ಡಬ್ಬಿಗೆ ಕಂಪನಿಯ ಹೆಸರು ಅಚ್ಚಾದ ಟೇಪು. ಮಾನ್ವಿಯದಕ್ಕೂ ಅದೇ. ದೇವದುರ್ಗದ ಡಬ್ಬಿಗೂ ಕಂಪನಿ ಟೇಪಿತ್ತು. ಆದರೆ ಅದರ ಪಕ್ಕಕ್ಕೆ, ಏನೂ ಹರಿದಿರದ ಜಾಗದಲ್ಲಿ, ಅಂಗೈ ಅಗಲದ ಇನ್ನೊಂದು ಕಂದು ಟೇಪು ಬಡಿದಿದ್ದರು.

"ಹರಿದಿಲ್ಲದ ಕಡೆ ಟೇಪು ಯಾಕ ಹಚ್ತಾರ ರಾಮಲಿಂಗಪ್ಪ?"

"ಏನರ ಮುಚ್ಚಾಕ."

ಹಪ್ಪಳದ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ನಿಧಾನವಾಗಿ ಸುಲಿದೆ. ಕೆಳಗೆ ಮೂರು ಬಿಳಿ ಗೆರೆಗಳು ಕಂಡವು. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಎಳೆದದ್ದು. ಗೆರೆಗಳ ನಡುವೆ ಒಂದು ಬೊಟ್ಟು. ಕುಂಕುಮವಲ್ಲ, ಹಳದಿ ಭಂಡಾರ, ದೇವರಿಗೆ ಏರಿಸುವ ಅರಿಶಿನದ ಪುಡಿ.

ಒಣಗಿದ ವಿಭೂತಿಯೊಳಗೆ ಏನೋ ಅಂಟಿತ್ತು. ಕನ್ನಡಕ ಮೇಲೇರಿಸಿ ನೋಡಿದೆ. ತೌಡು. ಅಕ್ಕಿ ಗಿರಣಿಯಲ್ಲಿ ಹಾರಾಡುವ ಸಣ್ಣ ತೌಡು, ವಿಭೂತಿ ಹಸಿಯಿದ್ದಾಗ ಕೂತು ಅದರ ಜೊತೆಗೇ ಒಣಗಿ ಗಟ್ಟಿಯಾಗಿತ್ತು.

"ಮಾನ್ವಿ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅಂಜಿನೇಯ ಪೊಲೀಸರ ಮುಂದೆ ಹೇಳಿದ್ದು ಒಂದೇ ಮಾತು. ಮಾಲು ಮಾನ್ವಿಯ ಶಂಭುಲಿಂಗಪ್ಪ ಸಾಹುಕಾರರ ರೈಸ್ ಮಿಲ್ಲಿನಿಂದ ಬಂತು ಎಂದು ಗಾಡಿಯವನು ಹೇಳಿದ, ಕಂಪನಿ ಸ್ಕೀಮಿನ ಮಾಲು ಅಂದುಕೊಂಡು ಇಳಿಸಿಕೊಂಡೆ ಎಂದು. ಶಂಭುಲಿಂಗಪ್ಪನಿಗೆ ಮಿಲ್ಲಿನ ಮುಂದೆಯೇ ಒಂದು ಟೀವಿ ಅಂಗಡಿಯೂ ಇದೆ. ನಾನು ಹನ್ನೊಂದು ಸಾವಿರದ ಎಂಟುನೂರು ಸುರಿದದ್ದು ಅಲ್ಲಿಯೇ. ಆದರೆ ಸಾಹುಕಾರರು ತಮ್ಮ ಮಿಲ್ಲಿನಿಂದ ಒಂದು ಟೀವಿಯೂ ದೇವದುರ್ಗಕ್ಕೆ ಹೋಗಿಲ್ಲ ಎಂದುಬಿಟ್ಟಿದ್ದರು. ಮಾತಿಗೆ ಮಾತು. ಸಾಹುಕಾರರ ಮಾತು ತೂಕದ್ದಾಯಿತು.

"ವಿಭೂತಿ ಯಾರ ಮನ್ಯಾಗಿಲ್ರಿ ಅಕ್ಕಾರ?" ಎಂದ ರಾಮಲಿಂಗಪ್ಪ.

"ಮನ್ಯಾಗ ಟೀವಿಗೆ ಹಚ್ತಾರ, ಡಬ್ಬಿಗೆ ಹಚ್ಚಂಗಿಲ್ಲ. ಡಬ್ಬಿಗೆ ಹಚ್ಚೋದು ಗೋದಾಮಿನ್ಯಾಗ. ಅದೂ ಅಮಾಸಿ ಪೂಜಿಗೆ. ಅವತ್ತು ಒಳಗಿರೋ ಚೀಲ, ತಕ್ಕಡಿ, ಗಾಡಿ, ಏನೂ ಬಿಡಂಗಿಲ್ಲ."

ಹೇಳುತ್ತಿದ್ದಂತೆಯೇ ನನ್ನ ಮಾತಿನ ಅರ್ಥ ನನಗೇ ಹೊಳೆಯಿತು. ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಅಮಾವಾಸ್ಯೆಯ ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟೆ. ಅಲ್ಲಿಂದ ಎಣಿಸಿದೆ. ಉದಯಕುಮಾರನ ಗೋದಾಮಿನ ಬೀಗ ಮುರಿದದ್ದು ಅಮಾವಾಸ್ಯೆಯಾದ ಹನ್ನೊಂದನೆಯ ದಿನ. ಮಾಲು ಅಂಜಿನೇಯನ ಅಂಗಡಿಗೆ ಬಂದದ್ದು ಹದಿಮೂರನೆಯ ದಿನ. ಇವತ್ತು ಇಪ್ಪತ್ತೆರಡನೆಯ ದಿನ. ಮುಂದಿನ ಅಮಾವಾಸ್ಯೆಗೆ ಇನ್ನೂ ಎಂಟು ದಿನ.

ಕಳುವಾದ ಮೇಲೆ ಒಂದು ಅಮಾವಾಸ್ಯೆಯೂ ಬಂದಿಲ್ಲ. ಹಾಗಾದರೆ ಕಳುವಿನ ಪಟ್ಟಿಯಲ್ಲಿರುವ ಈ ಡಬ್ಬಿಗೆ ಅಮಾವಾಸ್ಯೆಯ ವಿಭೂತಿ ಹತ್ತಿದ್ದು ಕಳುವಿಗೆ ಹನ್ನೊಂದು ದಿನ ಮುಂಚೆ. ರಾಯಚೂರಿನ ಗೋದಾಮಿನಲ್ಲಿ ಇದೆ ಎಂದು ಉದಯಕುಮಾರ ಬರೆದುಕೊಟ್ಟ ಮಾಲು ಆಗಲೇ ಮಾನ್ವಿಯಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿತ್ತು.

"ಕಳುವೇ ಆಗಿಲ್ಲ!" ಎಂದೆ. "ರೇಣುಕಾ, ಕೇಳಿದೇನವ್ವಾ? ಕಳುವು ಅನ್ನೋದೇ ಸುಳ್ಳು. ತಾನೇ ಮಾಲು ಸಾಗಿಸಿ, ತಾನೇ ಬೀಗ ಮುರಿದು, ವಿಮೆ ದುಡ್ಡು ಕೇಳಾಕತ್ತಾನ. ಅದಕ್ಕೇ ನೋಡು ಏಳು ಸಾವಿರದ ರೇಟು. ಪೂರಾ ಬೆಲಿ ವಿಮೆಯವರು ಕೊಟ್ರ, ಮ್ಯಾಲೆ ಬಂದಿದ್ದೆಲ್ಲ ಅವನಿಗೆ ಲಾಭ. ನಿನ್ನ ಗಂಡ ಖರೇ ಹೇಳ್ಯಾನ."

ಅವಳು ಖುಷಿಯಾಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಡಬ್ಬಿಯನ್ನೇ ನೋಡುತ್ತಿದ್ದಳು.

"ಬರೇ ವಿಭೂತಿ ನೋಡಿ ಕೋರ್ಟಿನ್ಯಾಗ ಒಪ್ತಾರೇನ್ರಿ?" ಎಂದಳು.

"ಒಪ್ಪಂಗಿಲ್ಲ. ಸಾವ್ಕಾರ್ರು ಬರದು ಕೊಟ್ರ ಒಪ್ತಾರ. ಏಳು, ಮಾನ್ವಿಗೆ ಹೋಗೂಣು."

"ನೀವು ಹೋಗಿ ಬರ್ರಿ ಅಮ್ಮಾರ. ನಾ ದೇವದುರ್ಗಕ್ಕ ಹೋಗಿ ವಕೀಲರನ್ನ ನೋಡ್ತೀನಿ."

"ವಕೀಲರು ಎಲ್ಲಿಗೂ ಓಡಿ ಹೋಗಂಗಿಲ್ಲ. ನೀ ಎದುರಿಗೆ ನಿಂತ್ರ ಸಾವ್ಕಾರ್ರ ಮನಸು ಕರಗ್ತದ. ಬಾ."

ಅವಳ ತೋಳು ಹಿಡಿದು ಎಬ್ಬಿಸಿದೆ.

ಬಸ್ಸಿನಲ್ಲಿ ಆ ಡಬ್ಬಿಯದೇ ರಗಳೆ. ಮಡಿಚಿದರೆ ವಿಭೂತಿ ಉದುರುತ್ತದೆಂದು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದೆ. ಮುಂದಿನ ಸೀಟಿನವರ ತಲೆಗೆ ತಾಗಿ ಅವರು ಎರಡು ಸಲ ತಿರುಗಿ ದುರುಗುಟ್ಟಿದರು.

"ಒಳಗ ಏನದ ಯವ್ವಾ?" ಎಂದ ಕಂಡಕ್ಟರು.

"ಏನಿಲ್ಲ. ಖಾಲಿ ಅದ."

"ಖಾಲಿ ಡಬ್ಬಿ ತಗೊಂಡು ಯಾರು ಬಸ್ ಹತ್ತತಾರ್ರಿ? ಲಗೇಜ್ ತಗೋರಿ."

ಮುಚ್ಚಳ ತೆಗೆದು ತೋರಿಸಿದೆ. ಅವನು ಒಳಗೆ ಇಣುಕಿ, ನನ್ನ ಮುಖ ನೋಡಿ, ಆದರೂ ಲಗೇಜು ಟಿಕೆಟು ಹರಿದ. ಬೇರೆ ದಿನವಾಗಿದ್ದರೆ ಮಾನ್ವಿ ಬರುವವರೆಗೂ ಜಗಳವಾಡುತ್ತಿದ್ದೆ. ಇವತ್ತು ಅಷ್ಟು ಶಕ್ತಿಯಿರಲಿಲ್ಲ. ಕಲ್ಮಲದಲ್ಲಿ ಹತ್ತು ನಿಮಿಷ, ನೀರಮಾನ್ವಿಯಲ್ಲಿ ಹದಿನೈದು ನಿಮಿಷ ಬಸ್ಸು ಸುಮ್ಮನೆ ನಿಂತಿತು. ನಾಳೆಯ ಹನ್ನೊಂದು ಗಂಟೆ ಮಾತ್ರ ಎಲ್ಲಿಯೂ ನಿಲ್ಲದೆ ಹತ್ತಿರ ಬರುತ್ತಿತ್ತು.

ರೇಣುಕಮ್ಮ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿದ್ದಳು. ಮಿಲ್ಲಿನ ಗೇಟು ಬಂದಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತುಬಿಟ್ಟಳು.

"ನಾ ಇಲ್ಲೇ ಇರ್ತೀನ್ರಿ. ದೊಡ್ಡವರ ಮುಂದ ನನಗ ಮಾತು ಬರಂಗಿಲ್ಲ."

ಒತ್ತಾಯ ಮಾಡಲು ವ್ಯವಧಾನವಿರಲಿಲ್ಲ. ಲಾರಿ ತೂಗುವ ಕಟ್ಟೆಯ ಹತ್ತಿರ ಬಿಸಿಲಿನಲ್ಲೇ ಅವಳನ್ನು ಬಿಟ್ಟು ಒಳಗೆ ನಡೆದೆ.

ಭತ್ತದ ಸುಗ್ಗಿ. ಮಿಲ್ಲು ಹೊಟ್ಟೆ ತುಂಬಾ ಭತ್ತ ತಿಂದು ಗುಡುಗುತ್ತಿತ್ತು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನ್ನ ಸೀರೆ, ಕನ್ನಡಕ, ರೆಪ್ಪೆ ಎಲ್ಲದರ ಮೇಲೂ ತೌಡು ಕೂತಿತ್ತು. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಸಾಲುಗಟ್ಟಿ ಓಡಾಡುತ್ತಿದ್ದರು.

ನಾನು ಚೀಲಗಳ ಒಟ್ಟಿಲನ್ನು ನೋಡುತ್ತ ನಿಂತೆ. ಹಳೆಯ ಒಟ್ಟಿಲಿನ ಪ್ರತಿಯೊಂದು ಚೀಲದ ಮೇಲೂ ಮೂರು ಬಿಳಿ ಗೆರೆ, ನಡುವೆ ಹಳದಿ ಬೊಟ್ಟು. ತಕ್ಕಡಿಯ ಮೇಲೆ ಅದೇ. ಮೋಟರಿನ ಮೇಲೆ ಅದೇ. ಗೋಡೆ ಗಡಿಯಾರದ ಗಾಜಿನ ಮೇಲೂ ಅದೇ.

"ಬರ್ರಿ ಅಕ್ಕಾರ, ಬರ್ರಿ. ಟೀವಿ ಹೆಂಗ ನಡದದ?"

ಶಂಭುಲಿಂಗಪ್ಪ ಕಚೇರಿಯ ಬಾಗಿಲಿಗೇ ಬಂದಿದ್ದರು. ಅರವತ್ತರ ಆಸುಪಾಸು, ಬಿಳಿ ಅಂಗಿ, ಹಣೆ ತುಂಬ ವಿಭೂತಿ. ಜೋರು ಮಾತಾಡಿ ಗೊತ್ತಿಲ್ಲದ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಅಂಥವರನ್ನು ಹಿಡಿಯುವುದೇ ಕಷ್ಟ.

"ಟೀವಿ ಚಲೋ ಅದರೀ. ರೇಟಿನ ಮ್ಯಾಲೆ ಒಂದು ಮಾತು ಕೇಳಾಕ ಬಂದೀನಿ. ರಾಯಚೂರಾಗ ಹದಿನಾಲ್ಕೂವರಿ. ನೀವು ಅಷ್ಟು ಕಡಿಮಿ ಹೆಂಗ ಕೊಡ್ತೀರಿ?"

ಅವರು ನಕ್ಕರು. "ಅವರಿಗೆ ಬಾಡಿಗಿ ಅದ, ಎಸಿ ಅದ, ಟೈ ಕಟ್ಟಿದ ಹುಡುಗರ ಪಗಾರ ಅದ. ನಮಗೇನದ? ಸ್ವಂತ ಜಾಗಾ. ನೂರು ಸಿಗೋ ಕಡೆ ಮೂವತ್ತು ಸಿಕ್ರ ಸಾಕು."

"ಮತ್ತ ದೇವದುರ್ಗದಾಗ ಎಂಟು ಸಾವಿರದ ಒಳಗ?"

ನಗು ನಿಂತಿತು. "ಅದು ಕಳುವಿನ ಮಾಲಲ್ರಿ. ಪೊಲೀಸರು ಹೇಳ್ಯಾರಲ್ಲ."

ನಾನು ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು, ವಿಭೂತಿಯಿದ್ದ ಮಗ್ಗುಲನ್ನು ಅವರ ಕಡೆ ತಿರುಗಿಸಿದೆ.

"ಇದು ಯಾರ ಕೈ ಸಾವ್ಕಾರ್ರ?"

ಅವರು ನೋಡಿದರು.  ಆಮೇಲೆ ನೀರಿನ ಲೋಟ ಎತ್ತಿ ಕುಡಿದರು.

"ವಿಭೂತಿ ಯಾರರ ಹಚ್ಚಬಹುದು."

"ಭಂಡಾರದ ಬೊಟ್ಟು?"

"ಅದು..." ಸುಳ್ಳು ಬಾಯಿಯವರೆಗೆ ಬಂದಿತು, ಹೇಳಲು ಮನಸ್ಸು ಬರಲಿಲ್ಲ. "ನಮ್ಮನಿಯಾಕಿ ಹಚ್ತಾಳ. ವಿಭೂತಿ ನಮ್ಮ ಮನಿದು. ಭಂಡಾರ ಆಕಿ ತವರಮನಿ ದೇವರದು. ಮದಿವ್ಯಾದ ವರ್ಷದಿಂದ ಹಂಗ ನಡದದ. ಇರಲಿ, ಅದಕ್ಕೇನೀಗ? ನಮ್ಮ ಟೀವಿ ಅಂಗಡಿಗೂ ಹಚ್ತೀವಿ. ಅಲ್ಲಿಂದು ಒಂದು ಡಬ್ಬಿ ಯಾರರ ಕೊಂಡು ಒಯ್ದಿರಬಹುದು."

ಈ ಮಾತು ಬರುತ್ತದೆ ಎಂದು ಗೊತ್ತಿತ್ತು. ವಕೀಲರಿಂದ ತಂದಿದ್ದ ದೂರಿನ ಪ್ರತಿಯನ್ನು ಬಿಚ್ಚಿ ಡಬ್ಬಿಯ ಪಕ್ಕಕ್ಕಿಟ್ಟೆ.

"ನಂಬರು ಓದ್ರಿ. ಡಬ್ಬಿ ಮ್ಯಾಲಿಂದು ಒಂದು, ಉದಯಕುಮಾರನ ಕಳುವಿನ ಪಟ್ಟ್ಯಾಗಿಂದು ಒಂದು. ಒಂದೇ ಅದ, ಹೌದಿಲ್ಲೋ? ಕಳುವು ಆಗಿದ್ದು ಅಮಾಸಿ ಆಗಿ ಹನ್ನೊಂದನೇ ದಿನ. ಆಮ್ಯಾಲೆ ಅಮಾಸಿನೇ ಬಂದಿಲ್ಲ. ಕಳುವಾಗೋಕಿಂತ ಮುಂಚೆ ಕಳುವಿನ ಮಾಲಿಗೆ ನಿಮ್ಮ ಮನಿಯಾಕಿ ವಿಭೂತಿ ಹೆಂಗ ಹಚ್ಚಿದ್ರು?"

ಅವರು ಬೆರಳಿಟ್ಟು ಎರಡೂ ನಂಬರು ಓದಿದರು.

"ಮುಂದಿನ ಅಂಗಡಿಗೆ ಗಾಜಿನ ಬಾಗಲಾ ಅದ, ಅಲ್ಲಿ ತೌಡು ಬರಂಗಿಲ್ಲ. ಇದು ನಿಮ್ಮ ಗೋದಾಮಿನ್ಯಾಗ ಇತ್ತು. ಒಬ್ಬ ಮನುಷ್ಯ ಆರು ದಿನದಿಂದ ಜೈಲಿನ್ಯಾಗ ಕುಂತಾನ್ರಿ. ಹಣಿಗೆ ವಿಭೂತಿ ಹಚ್ಕೊಂಡು ಹೆಂಗ ಸುಮ್ಮನ ಕುಂತೀರಿ ನೀವು?"

ನನ್ನ ದನಿ ಏರಿತ್ತು. ಬಾಗಿಲಲ್ಲಿ ಇಬ್ಬರು ಹಮಾಲರು ನಿಂತು ನೋಡಿದರು. ಸಾಹುಕಾರರು ಅವರಿಗೆ ಹೋಗಿ ಎಂದು ಕೈಸನ್ನೆ ಮಾಡಿದರು. 

"ಉದಯಕುಮಾರ್ ಫೋನ್ ಮಾಡಿದ್ರು," ಎಂದರು. "ಗೋದಾಮಿಗೆ ಸುಣ್ಣ ಹಚ್ಚಸಾಕತ್ತೀನಿ, ಅರವತ್ತು ಡಬ್ಬಿ ಹದಿನೈದು ದಿನ ಇಟ್ಕೋರಿ ಅಂದ್ರು. ಅವರ ಮಾಲಿಂದ ನಮ್ಮ ಅಂಗಡಿ ನಡೀತದ. ಇಲ್ಲ ಅನ್ನಾಕ ಆಗಲಿಲ್ಲ. ಆಮ್ಯಾಲೆ ಇಷ್ಟು ಒಯ್ದ್ರು, ಅಷ್ಟು ಒಯ್ದ್ರು. ಕಳುವು ಅಂತ ಪೇಪರ್‌ನ್ಯಾಗ ಬಂದಾಗ ನನ್ನ ಎದಿ ಒಡದಂಗಾತು. ಆಗ ಬಾಯಿ ಬಿಟ್ರ ನನ್ನೂ ಸೇರಿಸಿ ಒಳಗ ಹಾಕ್ತಾರ ಅಂತ..."

"ಅವರು ಇಟ್ಕೋರಿ ಅಂದ ಮಾಲಿಗೆ ವಿಭೂತಿ ಯಾಕ ಹಚ್ಚಿಸಿದ್ರಿ?"

ಅವರು ನನ್ನನ್ನು ಏನೂ ತಿಳಿಯದವಳಂತೆ ನೋಡಿದರು.

"ನನ್ನ ಸೂರಿನ ಕೆಳಗ ಇದ್ದದ್ದು ಯಾರದರ ಇರಲಿ, ಅಮಾಸಿ ದಿನ ಪೂಜಿ ಇಲ್ದ ಹೆಂಗ ಇಡೋದ್ರಿ ಅಕ್ಕಾರ?"

ನನಗೆ ಅವರನ್ನು ಬೈಯಬೇಕೆನಿಸಿತು. ಅದರ ಬದಲು ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ಅವರ ಮುಂದೆ ಸರಿಸಿದೆ.

"ಇದನ್ನೇ ಬರೀರಿ. ಕಳುವಿಗೆ ಮುಂಚೇನೇ ಉದಯಕುಮಾರ ಮಾಲು ನಿಮ್ಮಲ್ಲಿಗೆ ಕಳಿಸಿದ್ದ ಅಂತ. ನಾಳೆ ಅಂಜಿನೇಯ ಹೊರಗ ಬರ್ತಾನ. ತಪ್ಪು ಒಪ್ಕೊಂಡ್ರ ನಿಮಗೂ ಹಗುರ."

ಅವರು ಪೆನ್ನು ತೆಗೆದರು. ಎರಡು ಸಾಲು ಬರೆದರು. ಐದು ದಿನದಲ್ಲಿ ಮೊದಲ ಬಾರಿಗೆ ನನ್ನ ಭುಜ ಸಡಿಲವಾಯಿತು.

"ಯಾರು ತಂದು ಇಳಿಸಿದ್ರು ಅನ್ನೋದೂ ಇರಲಿ," ಎಂದೆ. "ಅವನ ಹೆಸರು ಬೇಕು. ಇಲ್ದಿದ್ರ ಉದಯಕುಮಾರ ನಾ ಕಳಿಸೇ ಇಲ್ಲ ಅಂತಾನ."

"ಅವತ್ತು ನಾ ಗುಡಿಗೆ ಹೋಗಿದ್ದೆ. ಮಾಲು ಇಳಿಸಿಕೊಂಡಾಕಿ ನಮ್ಮನಿಯಾಕಿ." ಅವರು ಒಳಬಾಗಿಲ ಕಡೆ ತಿರುಗಿ ಕೂಗಿದರು. "ಅನ್ನಮ್ಮಾ! ಏ ಅನ್ನಮ್ಮಾ!"

ಅನ್ನಮ್ಮ ಒಳಬಾಗಿಲಿನಿಂದ ಬರಲಿಲ್ಲ. ಅಂಗಳದ ಕಡೆಯಿಂದ ಬಂದರು. ಒಂದು ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಇನ್ನೊಂದು ಕೈಯಲ್ಲಿ ಒಬ್ಬ ಹೆಂಗಸಿನ ಮಣಿಕಟ್ಟು. ಬಾಗಿಲಿಗೆ ಬರುವ ಮೊದಲೇ ಅವರ ಮಾತು ಬಂತು.

"ಅಲ್ಲ ತಂಗಿ, ಈ ಬಿಸಲಾಗ ಯಾರರ ಅಲ್ಲಿ ನಿಂದರ್ತಾರೇನು? ಗುರ್ತು ಹಿಡಿಯಂಗಿಲ್ಲ ಅಂದ್ಕೊಂಡೇನು? ನೋಡ್ರಿ ಇವರ, ಅಮಾಸಿ ದಿನ ಹಮಾಲರು ರಜಾ ಅಂತ ಈಕಿನೇ ಸೆರಗು ಕಟ್ಟಿ, ಗಾಡ್ಯಾವನ ಜೋಡಿ ಅರವತ್ತೂ ಡಬ್ಬಿ ಇಳಿಸಿದ್ಲು. ಊಟ ಬ್ಯಾಡ ಬ್ಯಾಡ ಅಂದ್ರೂ ನಾನೇ ಕೂಡಿಸಿ ಹೋಳಿಗಿ ಉಣಿಸಿ ಕಳಿಸಿದ್ದೆ."

ರೇಣುಕಮ್ಮನ ಸೆರಗು ತಲೆಯಿಂದ ಜಾರಿತ್ತು.

ನಾನು ಎದ್ದು ನಿಂತೆ. ಯಾಕೆ ಎದ್ದೆ ಎಂದು ಗೊತ್ತಿಲ್ಲ. ಐದು ದಿನ ಈ ಹುಡುಗಿಯ ಪಕ್ಕದಲ್ಲೇ ಕೂತು ಊರೂರು ತಿರುಗಿದ್ದೆ. ಅವಳ ಕಣ್ಣೀರು ಒರೆಸಿದ್ದೆ. ಇವತ್ತು ಬೆಳಿಗ್ಗೆ ಅವಳೆದುರೇ ದೊಡ್ಡ ಬುದ್ಧಿವಂತಳ ಹಾಗೆ ಕ್ಯಾಲೆಂಡರ್ ಎಣಿಸಿದ್ದೆ. 

"ನಿನಗ ಗೊತ್ತಿತ್ತು," ಎಂದೆ.

"ಗೊತ್ತಿತ್ರಿ."

"ಕಳುವಿನ ಮಾಲಲ್ಲ ಅಂತ?"

"ಮೊದಲ್ನೇ ದಿನದಿಂದಲೂ ಗೊತ್ತಿತ್ತು." ಅವಳ ದನಿ ನಡುಗಲಿಲ್ಲ. "ಅಷ್ಟು ಕಡಿಮಿ ರೇಟಿಗೆ ಕೊಟ್ಟಾರ ಅಂದ್ರ ನಕಲಿನೇ ಇರಬೇಕು ಅಂದ್ಕೊಂಡಿದ್ದೆ. ನೀವು ಬಿಚ್ಚಿ ನೋಡಿ ನಕಲಿ ಅಂತೀರಿ, ಅವರು ಹೊರಗ ಬರ್ತಾರ, ಅಷ್ಟಕ್ಕ ಮುಗೀತದ ಅಂತ ನಿಮ್ಮ ಹಂತ್ಯಾಕ ಬಂದೆ."

"ಗಂಡನ್ನ ಆರು ದಿನ ಜೈಲಿನ್ಯಾಗ ಕೂಡಿಸಿ?"

 ಅನ್ನಮ್ಮ ತಾವು ಏನು ಹೇಳಿಬಿಟ್ಟೆವು ಎಂದು ತಿಳಿಯದೆ, ತಂಬಿಗೆ ಹಿಡಿದು ನಮ್ಮ ಮೂವರ ಮುಖ ನೋಡುತ್ತಿದ್ದರು. ಶಂಭುಲಿಂಗಪ್ಪನ ಪೆನ್ನು ಮೂರನೆಯ ಸಾಲಿನ ಮೇಲೆ ನಿಂತಿತ್ತು.

"ಅಕ್ಕಾರ," ಎಂದರು ಅವರು ಮೆಲ್ಲಗೆ. "ತಂದು ಇಳಿಸಿದವರು ಯಾರು ಅಂತ ಬರೀಲಿ?"

ನಾನು ಆ ಹಾಳೆಯನ್ನು ನೋಡಿದೆ. ಹೆಸರಿಲ್ಲದಿದ್ದರೆ ಅದು ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹೆಸರು ಬಿದ್ದರೆ ಗಂಡ ಹೊರಗೆ, ಹೆಂಡತಿ ಒಳಗೆ. 

ರೇಣುಕಮ್ಮ ಮುಂದೆ ಬಂದು ಮೇಜಿನ ಅಂಚು ಹಿಡಿದಳು.

"ರೇಣುಕಮ್ಮ, ಗಂಡ ಅಂಜಿನೇಯ, ದೇವದುರ್ಗ. ಬರೀರಿ ಸಾವ್ಕಾರ್ರ." ಆಮೇಲೆ ನನ್ನ ಕಡೆ ತಿರುಗಿದಳು. "ಒಂದೇ ಕೇಳ್ಕೋತೀನಿ ಅಮ್ಮಾರ. ಉದಯಕುಮಾರ್ ಹೇಳಿದ್ದಕ್ಕ ನಾ ಯಾಕ ಹೂಂ ಅಂದೆ ಅಂತ ನಾಳೆ ಕೋರ್ಟಿನ್ಯಾಗ ಯಾರೂ ಕೇಳಬಾರ್ದು. ಅದು ನಮ್ಮನಿಯವರ ಕಿವಿಗೆ ಬೀಳೋದಾದ್ರ, ಅವರು ಜೈಲಿನ್ಯಾಗೇ ಇರಲಿ."